ಬಾಗಿಲಿಗೆ ಕಟ್ಟಿದ ಲೋಳೆಸರ

ಪೀಣ್ಯದಲ್ಲಿ ನಮ್ಮ ಶೆಡ್ಡಿಗೆ ದಾರಿ ಕೇಳಿದರೆ ಯಾರೂ ರಸ್ತೆಯ ನಂಬರು ಹೇಳುವುದಿಲ್ಲ. "ಹೆಂಗಸ್ರು ವೆಲ್ಡಿಂಗ್ ಮಾಡ್ತಾರಲ್ಲ ಸಾರ್, ಆ ಶೆಡ್ಡು. ಟೀ ಅಂಗಡಿ ಹತ್ರ ಲೆಫ್ಟು" ಎನ್ನುತ್ತಾರೆ. ಬೋರ್ಡು ಹಾಕಿಸೋಣ ಎಂದು ನಮ್ಮ ಯಜಮಾನರು ಬಹಳ ದಿನದಿಂದ ಹೇಳುತ್ತಿದ್ದಾರೆ. ನಾನೇ ಬೇಡ ಎಂದಿದ್ದೇನೆ. ಎಲ್ಲರಿಗೂ ಗೊತ್ತಿರುವ ವಿಳಾಸಕ್ಕೆ ಬೋರ್ಡು ಯಾಕೆ? ಇದು ಜಂಬ ಎಂದು ನಿಮಗೆ ಅನ್ನಿಸಿದರೆ, ಹೌದು, ಜಂಬವೇ. ಅರ್ಧ ಆಯಸ್ಸು ಸ್ಟೀಲಿನ ಜೊತೆ ಏಗಿದವಳಿಗೆ ಅಷ್ಟೂ ಇರಬಾರದೆ?

ನಾವು ಮಾಡುವುದು ಊಟದ ಟೇಬಲ್ಲು, ಬೆಂಚು, ತಟ್ಟೆ ಜೋಡಿಸುವ ಸ್ಟ್ಯಾಂಡು. ಹೆಚ್ಚಿನದೆಲ್ಲ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಿಗೆ ಹೋಗುತ್ತದೆ. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡವರು ನಮ್ಮ ಟೇಬಲ್ಲಿನ ಮೇಲೆ ಮೊಣಕೈ ಊರಿ ಇಡ್ಲಿ ತಿನ್ನುತ್ತಾರೆ. ಅದು ಅಲ್ಲಾಡುವುದಿಲ್ಲ. ಅಲ್ಲಾಡದ ಟೇಬಲ್ಲನ್ನು ಯಾರೂ ಬಗ್ಗಿ ನೋಡುವುದಿಲ್ಲ ಎಂಬುದೊಂದೇ ನನ್ನ ದುಃಖ.

ಶೆಡ್ಡಿನ ಶಟರಿನ ಮೇಲೆ, ಕರಿ ದಾರದಲ್ಲಿ, ಬೇರು ಮೇಲೆ ಎಲೆ ಕೆಳಗೆ ಆಗುವಂತೆ ಒಂದು ಲೋಳೆಸರ ಕಟ್ಟಿರುತ್ತದೆ. ಕಟ್ಟುವವರು ನಮ್ಮ ಅತ್ತೆ. ಆಯುಧಪೂಜೆಯ ದಿನ ಮಿಷಿನ್ನುಗಳಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದ ಮೇಲೆ ಅವರ ಕೆಲಸ ಶುರು. ಹಳೆಯದನ್ನು ಬಿಚ್ಚಿ ಮೂರು ದಾರಿ ಕೂಡುವಲ್ಲಿ ಬಿಟ್ಟು, ಹಿಂದಿರುಗಿ ನೋಡದೆ ಬಂದು ಹೊಸದನ್ನು ಕಟ್ಟುತ್ತಾರೆ. ಈ ಬೀದಿಯ ಎಲ್ಲ ಶೆಡ್ಡುಗಳ ಬಾಗಿಲಲ್ಲೂ ಅದೇ ಗಿಡ ನೇತಾಡುತ್ತದೆ. ಆದರೆ ನಮ್ಮದರಷ್ಟು ಹಸಿರಾಗಿ ಯಾವುದೂ ಇರುವುದಿಲ್ಲ.

ಮದ್ದಿಗೆ ಬಳಸುವ ಲೋಳೆಸರ ಬೇರೆ. ಅದು ಶೆಡ್ಡಿನ ಪಕ್ಕದ ಗೋಡೆಯ ಬುಡದಲ್ಲಿ, ಪೇಂಟಿನ ಡಬ್ಬಗಳಲ್ಲಿ ಬೆಳೆಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರಿಗೆ ಹಿತ್ತಲಿತ್ತು. ನಮಗಿದ್ದುದು ಗೋಡೆಗೂ ಚರಂಡಿಗೂ ನಡುವೆ ಒಂದು ಮೊಳ ಜಾಗ. ಮದುವೆಯಾಗಿ ಬರುವಾಗ ನನ್ನ ತಾಯಿ ಮಾಗಡಿ ಕಡೆಯ ನಮ್ಮ ಮನೆಯಿಂದ ಒಂದೇ ಒಂದು ಮರಿ ಕಿತ್ತು ಕೊಟ್ಟಿದ್ದರು. ಅದು ಮರಿಯ ಮೇಲೆ ಮರಿ ಹಾಕಿ ಡಬ್ಬಗಳನ್ನೆಲ್ಲ ತುಂಬಿತ್ತು. ಅತ್ತೆ ಬಾಗಿಲಿಗೆ ಕಟ್ಟುತ್ತಿದ್ದುದೂ ಅದರ ಸಂತಾನವನ್ನೇ.

ಆದರೆ ಕಟ್ಟಿದ ಮೇಲೆ ಅದರ ಜಾತಿ ಬೇರೆಯಾಗುತ್ತಿತ್ತು. "ನೆಲದ್ದು ಮದ್ದು, ಬಾಗ್ಲದ್ದು ಕಾವಲು. ಎರಡನ್ನೂ ಬೆರಸ್ಬಾರ್ದು" ಎಂಬುದು ಅತ್ತೆಯ ಕಾನೂನು. ಬಾಗಿಲಲ್ಲಿರುವುದು ಬಂದು ಹೋಗುವವರ ಕೆಟ್ಟ ಕಣ್ಣನ್ನೆಲ್ಲ ಕುಡಿದಿರುತ್ತದೆ, ಅದನ್ನು ಮೈಗೆ ಹಚ್ಚಿದರೆ ಕಣ್ಣೂ ಮೈಗೆ ಹತ್ತುತ್ತದೆ ಎನ್ನುತ್ತಿದ್ದರು. ಇದನ್ನು ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಅತ್ತೆಯ ಮಾತನ್ನು ನಂಬುವ ಪ್ರಶ್ನೆಯೇ ಇರಲಿಲ್ಲ, ಪಾಲಿಸುವುದು ಮಾತ್ರ.

ನೆಲದ ಲೋಳೆಸರಕ್ಕೂ ಒಂದು ಮರ್ಯಾದೆ ಇದೆ. ಹೊರಸುತ್ತಿನ ಬಲಿತ ಎಲೆಯನ್ನೇ ಕೊಯ್ಯಬೇಕು, ನಡುವಿನ ಸುಳಿಗೆ ಕೈ ಹಾಕಬಾರದು. ಕೊಯ್ದ ತುದಿ ಕೆಳಗಾಗಿ ಲೋಟದಲ್ಲಿ ನಿಲ್ಲಿಸಿದರೆ ಹಳದಿ ರಸ ಸೋರಿ ಇಳಿಯುತ್ತದೆ. ಅದು ತಾಗಿದರೆ ಮೈ ಕೆರೆದುಕೊಂಡು ಸಾಯಬೇಕು. ಅದೆಲ್ಲ ಇಳಿದ ಮೇಲೆ ಅಂಚಿನ ಮುಳ್ಳು ಸವರಿ, ಸಿಪ್ಪೆ ಬಿಡಿಸಿ, ಒಳಗಿನ ತಣ್ಣನೆಯ ಲೋಳೆಯನ್ನು ಹಚ್ಚಬೇಕು. ಕಿಡಿ ಹಾರಿ ಆಗುವ ಚಿಕ್ಕಪುಟ್ಟ ಉರಿಗೆ, ದಿನವಿಡೀ ಕಾದ ಮುಖಕ್ಕೆ, ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಾಗೆಂದು ದೊಡ್ಡ ಗಾಯಕ್ಕೆ ಅದನ್ನೇ ನಂಬಿ ಕೂರುವವಳೂ ನಾನಲ್ಲ. ಮೊದಲು ನಲ್ಲಿ ನೀರು, ಆಮೇಲೆ ಡಾಕ್ಟರು, ಕೊನೆಗೆ ಲೋಳೆಸರ. ಇದು ನನ್ನ ಕಾನೂನು. ಸುಟ್ಟ ಕೈಗೆ ಗ್ರೀಸು ಬಳಿದುಕೊಂಡು ಬರುತ್ತಿದ್ದ ಗಂಡಸರಿಗೆ ಇದನ್ನು ಬೈದು ಬೈದೇ ಕಲಿಸಿದ್ದೇನೆ.

ನಾನು ವೆಲ್ಡಿಂಗ್ ಕಲಿತದ್ದು ಕೋಪದಿಂದ. ಒಂದು ದಿನ ಟೇಬಲ್ಲಿನ ಕಾಲು ಸೊಟ್ಟಗಿದೆ ಎಂದು ಆಗಿನ ವೆಲ್ಡರಿಗೆ ತೋರಿಸಿದೆ. ಆತ ತಲೆ ಎತ್ತದೆ, "ನಿಮ್ಗಿದೆಲ್ಲ ಗೊತ್ತಾಗಲ್ಲ ಅಕ್ಕ, ಟೀ ಕಳ್ಸಿ" ಎಂದ. ಟೀ ಕಳಿಸಿದೆ. ಮರುವಾರದಿಂದ ಅವನ ಹೆಲ್ಮೆಟ್ಟು ನನ್ನ ತಲೆಯ ಮೇಲಿತ್ತು. ಮೊದಲ ದಿನ ಕೆನ್ನೆ ಕೆಂಡವಾಗಿತ್ತು. ಅತ್ತೆ ಬೈಯುತ್ತಾರೆ ಎಂದು ಕಾದಿದ್ದೆ. ಅವರು ಸುಮ್ಮನೆ ಒಂದು ಎಲೆ ಕೊಯ್ದು ತಂದು, ಪಕ್ಕದಲ್ಲಿ ಕೂತು, ನನ್ನ ಕೆನ್ನೆಗೆಲ್ಲ ಲೋಳೆ ಹಚ್ಚಿದರು. "ಬಿಡಬ್ಯಾಡ" ಎಂದಷ್ಟೇ ಹೇಳಿದರು. ಅವರ ಗದ್ದೆ ಹೋಗಿ ಶೆಡ್ಡುಗಳು ಎದ್ದ ಊರಿದು. ನೇಗಿಲ ಹಿಂದೆ ನಡೆದ ಆ ಹೆಂಗಸಿಗೆ, ಸೊಸೆ ಸ್ಟೀಲು ಬೆಸೆಯುವುದು ಅಂಥ ವಿಚಿತ್ರವಾಗಿ ಕಂಡಿರಲಿಲ್ಲ.

ನನ್ನ ನಂತರ ಇನ್ನೂ ಕೆಲವರು ಕಲಿತರು. ಅವರಲ್ಲಿ ಕೊನೆಯವಳು ಬಾಗಲಕೋಟೆ ಕಡೆಯ ಒಬ್ಬ ಹುಡುಗಿ. ಹಿಂದಿನ ಬೀದಿಯ ಬಾಡಿಗೆ ರೂಮಿನಲ್ಲಿ ಅವಳ ಅಪ್ಪ, ಅಮ್ಮ, ಅವಳು. ಅಪ್ಪನಿಗೆ ಕಟ್ಟಡಗಳಲ್ಲಿ ತಾರಸಿಗೆ ಹಲಗೆ, ಕಂಬ ಕಟ್ಟುವ ಸೆಂಟ್ರಿಂಗ್ ಕೆಲಸ. ಅವಳನ್ನು ಸೇರಿಸಲು ಬಂದ ದಿನ ಆತ ಬಾಗಿಲಲ್ಲೇ ನಿಂತು, ತಲೆ ಎತ್ತಿ ಲೋಳೆಸರ ನೋಡಿ ನಕ್ಕ.

"ಕಬ್ಬಿಣದ ಅಂಗಡಿಗೆ ಇದ್ಯಾಕ್ರೀ ಅಕ್ಕಾರ? ದೃಷ್ಟಿ ಬೀಳೂವಂಥಾದ್ದು ಇಲ್ಲೇನೈತ್ರಿ?"

ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. "ಕಣ್ಣು ಬೀಳೋದು ಚೆಂದಾಗಿರೋದ್ರ ಮ್ಯಾಲೇನೆ ಕಣಪ್ಪ. ಮುರುಕಲು ಮನೆಗೆ ಯಾರಾರ ದೃಷ್ಟಿ ತೆಗೀತಾರಾ? ಒಳೀಕ್ ಬಂದು ನೋಡು, ಆಮ್ಯಾಕೆ ಮಾತಾಡು" ಎಂದರು.

ಆತ ಒಳಗೆ ಬಂದು ಬೆಂಚುಗಳನ್ನು ತಟ್ಟಿ ನೋಡಿದ. ಹೋಗುವಾಗ ಒಂದು ಷರತ್ತು ಹಾಕಿದ. "ಮದಿವಿ ಆಗೂ ಹುಡುಗಿ ಅದಾಳ್ರೀ. ಕೈಗೆ ಮಾರಿಗೆ ಕಲೆ ಬಿತ್ತಂದ್ರ, ಅವತ್ತ ಬಿಡಸ್ತೀನಿ ನೋಡ್ರಿ."

ಆ ಮಾತನ್ನು ನಾನು ಮರೆಯಲಿಲ್ಲ. ಅವಳಿಗೆ ಚರ್ಮದ ಕೈಗವಸು, ಚರ್ಮದ ತೋಳು, ಕತ್ತಿಗೆ ಬಟ್ಟೆ, ಎಲ್ಲ ಕಟ್ಟಿಯೇ ಕೂರಿಸುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕೈ ನನ್ನ ಕೈಯನ್ನು ಮೀರಿಸಿತು. ಎರಡು ತಗಡು ಕೂಡುವಲ್ಲಿ ಅವಳು ಹಾಕಿದ ಬೆಸುಗೆ, ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆಯ ಹಾಗೆ ಒಂದೇ ಸಮ. ಎದುರಿನ ಶೆಡ್ಡಿನ ಹುಡುಗರು ಬಂದು ನೋಡಿ, "ಸಕ್ಕತ್ತಾಗೈತೆ ಮಚ್ಚಾ, ಮಿಷಿನ್ ಹಾಕ್ದಂಗೈತೆ" ಎಂದು ಮಾತಾಡಿಕೊಂಡರು. ನನಗೆ ಹೊಟ್ಟೆಕಿಚ್ಚಾಯಿತೇ ಎಂದರೆ, ಸ್ವಲ್ಪ ಆಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಅವಳಿಗೆ ಕಲಿಸಿದವಳು ನಾನು ತಾನೆ.

ಆ ದಿನಗಳಲ್ಲೇ ನಮ್ಮ ಯಜಮಾನರು ಒಂದು ಘನಕಾರ್ಯ ಮಾಡಿದರು. ಬೆಸುಗೆ ಹಾಕಿದ ಜಾಗ ಕಪ್ಪಾಗುತ್ತದೆ. ಅದನ್ನು ಬಿಳುಪು ಮಾಡಲು ಆಸಿಡ್ಡಿನ ಪೇಸ್ಟು ಬಳಿದು ತೊಳೆಯುತ್ತೇವೆ. ತೊಳೆದ ನೀರು ಒಂದು ಡ್ರಮ್ಮಿನಲ್ಲಿ ನಿಂತಿರುತ್ತದೆ, ಸುಣ್ಣ ಹಾಕಿ ಹದ ಮಾಡಿ ಆಮೇಲೆ ಸಾಗಿಸಬೇಕು. ಬೋರ್‌ವೆಲ್ಲಿನ ಮೋಟರು ಸುಟ್ಟು, ಟ್ಯಾಂಕರಿಗೆ ಕಾಯುತ್ತಿದ್ದ ವಾರ ಅದು. ಗಿಡ ಒಣಗುತ್ತಿವೆ ಎಂದು ಇವರಿಗೆ ಎಲ್ಲಿಲ್ಲದ ಕರುಣೆ ಉಕ್ಕಿ, ತಿಳಿಯಾಗಿ ಕಂಡ ಆ ಡ್ರಮ್ಮಿನ ನೀರನ್ನೇ ಮಗ್ಗಿನಲ್ಲಿ ಮೊಗೆದು ಮೊಗೆದು ಎಲ್ಲ ಡಬ್ಬಕ್ಕೂ ಹಾಕಿದರು. ನೀರಿಲ್ಲದಿದ್ದರೂ ಬದುಕುವ ಗಿಡಕ್ಕೆ ನೀರು ಹಾಕಿ ಕೊಂದವರು ಪೀಣ್ಯದಲ್ಲಿ ಇವರೊಬ್ಬರೇ ಇರಬೇಕು. ವಾರ ಕಳೆಯುವಷ್ಟರಲ್ಲಿ ನನ್ನ ತವರಿನ ಲೋಳೆಸರ ಬೆಂದ ಬದನೆಕಾಯಿಯಂತೆ ಮೆತ್ತಗಾಗಿ ಕುಸಿಯಿತು. ಒಂದು ಮರಿಯೂ ಉಳಿಯಲಿಲ್ಲ. ಅತ್ತೆ ಮಗನೊಡನೆ ಮಾತು ಬಿಟ್ಟರು. ನಾನು ಬಿಡಲಿಲ್ಲ, ಬಿಟ್ಟಿದ್ದರೆ ಬೈಯುವುದು ಹೇಗೆ?

ಉಳಿದದ್ದು ಬಾಗಿಲಲ್ಲಿ ನೇತಾಡುತ್ತಿದ್ದದ್ದು ಮಾತ್ರ. ಅದಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲವಲ್ಲ, ಹಾಗಾಗಿ ಉಳಿಯಿತು.

ಹುಡುಗಿಯ ಕೈ ಸುಟ್ಟದ್ದು ಇದಾದ ಸ್ವಲ್ಪ ದಿನಕ್ಕೆ. ಅದೂ ವೆಲ್ಡಿಂಗ್ ಮಾಡುವಾಗಲ್ಲ. ಊಟಕ್ಕೆಂದು ಚರ್ಮದ ತೋಳು ಬಿಚ್ಚಿ ಕೈ ತೊಳೆದಿದ್ದಳು. ಆಗ ತಾನೇ ಬೆಸೆದು ನಿಲ್ಲಿಸಿದ್ದ ಟೇಬಲ್ಲಿನ ಚೌಕಟ್ಟು ವಾಲಿತು. ಕೆಲಸ ಕೆಡುತ್ತದೆ ಎಂದು ಓಡಿ ಹೋಗಿ ಬರಿಗೈಯನ್ನು ಅಡ್ಡ ಕೊಟ್ಟಳು. ಮುಂಗೈಯ ಮೇಲೆ, ಬಳೆ ಕೂರುವ ಜಾಗಕ್ಕಿಂತ ಸ್ವಲ್ಪ ಮೇಲೆ, ಕಾದ ಅಂಚು ಒತ್ತಿತು. ನಲ್ಲಿಯ ಕೆಳಗೆ ಹಿಡಿಸಿದೆ, ಅವಳ ಕೈ ಬಿಡದೆ ಬಹಳ ಹೊತ್ತು ನಿಂತೆ. ನಂತರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆಳವಾಗಿಲ್ಲ, ವಾಸಿಯಾಗುತ್ತೆ, ಕಲೆ ಉಳಿಯಬಹುದು ಎಂದರು ಡಾಕ್ಟರು. ಹೊಸ ಚರ್ಮ ಬಂದ ಮೇಲೆ ಬೇಕಾದರೆ ಲೋಳೆಸರ ಹಚ್ಚಿ, ಬಿಸಿಲಿಗೆ ಒಡ್ಡಬೇಡಿ ಎಂದೂ ಹೇಳಿದರು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳು. "ಅಪ್ಪಗ ಹೇಳಬ್ಯಾಡ್ರೀ ಅಕ್ಕಾರ. ನನ್ನ ಬಿಡಸ್ತಾನ."

ಬ್ಯಾಂಡೇಜು ಕಟ್ಟಿದ ಕೈಯನ್ನು ಅಪ್ಪನಿಂದ ಬಚ್ಚಿಡುವುದಾದರೂ ಹೇಗೆ? ಸಂಜೆಯೇ ಆತ ಬಂದ. ಸಂಕ್ರಾಂತಿ ಕಳೆದ ಮೇಲೆ ಊರ ಕಡೆಯಿಂದ ಹುಡುಗಿ ನೋಡಲು ಬರುವವರಿದ್ದಾರೆ, ಈಗ ಈ ಕೈ ಇಟ್ಟುಕೊಂಡು ಏನು ಹೇಳಲಿ ಎಂದ. ಆತನ ದನಿ ಏರಲಿಲ್ಲ. ಏರಿದ್ದು ನನ್ನದೇ.

"ರೊಟ್ಟಿ ಹಂಚು ತಾಗಿ ಸುಟ್ಟಿದ್ರೆ ಅಡುಗೆ ಬಿಡಿಸ್ತಿದ್ರಾ?" ಎಂದು ಕೇಳಿದೆ.

"ಅದು ಬ್ಯಾರೆರೀ."

"ಏನು ಬೇರೆ? ಅದೂ ಬೆಂಕಿ, ಇದೂ ಬೆಂಕಿ."

ಆತ, ಗಂಡಿನವರು ಬಂದು ಹೋಗುವ ತನಕ ಕೈಗೆ ಕೆಲಸ ಬೇಡ, ಶೆಡ್ಡಿಗೆ ಬಂದು ಸುಮ್ಮನೆ ಕೂರಲಿ, ಕಲೆಯಿಂದ ಸಂಬಂಧ ತಪ್ಪಿದರೆ ಮಾತ್ರ ಆಕೆ ಮತ್ತೆ ಶೆಡ್ಡಿಗೆ ಕಾಲಿಡುವುದಿಲ್ಲ ಎಂದು ಹೇಳಿ ಹೋದ. ಆ ಹುಡುಗಿ ಮೂಲೆಯಲ್ಲಿ ನಿಂತು ತನ್ನ ಹೆಲ್ಮೆಟ್ಟನ್ನು ಒರೆಸುತ್ತಿದ್ದಳು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಗಾಯ ಒಣಗಿ ಹೊಸ ಚರ್ಮ ಬಂತು. ಲೋಳೆಸರ ಬೇಕಾದಾಗ ಇಲ್ಲ. ಯಜಮಾನರು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದರು, ಗಿಳಿಹಸಿರು ಬಣ್ಣ, ಸೆಂಟಿನ ವಾಸನೆ. ಹಚ್ಚಿದರೆ ಉರಿಯಿತು. ನರ್ಸರಿಯಿಂದ ಗಿಡ ತಂದರು. ಎಲೆ ನನ್ನ ಕಿರುಬೆರಳಿಗಿಂತ ತೆಳ್ಳಗೆ, ಸಿಪ್ಪೆ ಬಿಡಿಸಿದರೆ ಒಳಗೆ ಏನೂ ಇಲ್ಲ.

ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅತ್ತೆ ಶಟರಿನ ಮುಂದೆ ಸ್ಟೂಲು ಹಾಕಿಕೊಂಡು ಹತ್ತಿದ್ದರು. ಕೈಯಲ್ಲಿ ಕುಡುಗೋಲು. ಕೆಳಗೆ ಸ್ಟೂಲು ಹಿಡಿದು ನಿಂತಿದ್ದರು, ತಾಯಿ ಇನ್ನೂ ಮಾತಾಡಿಸದ ಮಗ.

"ಅತ್ತೆ, ಅದು ಬಾಗಿಲದ್ದು" ಎಂದೆ.

"ನಂಗೊತ್ತಿಲ್ವಾ, ಕಟ್ದೋಳು ನಾನೇ" ಎಂದರು.

"ಮತ್ತೆ, ಬೆರೆಸಬಾರದು ಅಂತೀರಲ್ಲ?"

ಅವರು ದಾರ ಕತ್ತರಿಸಿ, ಗಿಡವನ್ನು ಎದೆಗೆ ಒತ್ತಿಕೊಂಡು ಇಳಿದರು. "ಕಾವಲಿಗೆ ಅಂತ ಕಟ್ಟಿದ್ದು ಕಣಮ್ಮಿ. ಈ ಮಗೀನ ಬಿಡ್ಸಿ ಕಳಿಸ್ಬುಟ್ರೆ, ಒಳಗೆ ಕಾಯಾಕೆ ಇನ್ನೇನೈತೆ? ಬರೀ ತಗಡು ಕಾಯಾದಾ?"

ಜಗತ್ತಿನಲ್ಲಿ ಕಾನೂನು ಮಾಡುವವರು ಬಹಳ ಜನ ಇದ್ದಾರೆ. ಅದನ್ನು ಯಾವಾಗ ಮುರಿಯಬೇಕು ಎಂದು ತಿಳಿದವರು ಕಡಿಮೆ. ನನ್ನ ಅತ್ತೆಯ ಬಗ್ಗೆ ನನಗೆ ಅವತ್ತು ಬಂದ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಗಿಡಕ್ಕೆ ಅರಿಶಿನದ ನೀರಿನಲ್ಲಿ ಸ್ನಾನ ಮಾಡಿಸಿ, ಹೊಸ ಮಣ್ಣು ತರಿಸಿ ಡಬ್ಬದಲ್ಲಿ ಊರಿದರು. ಡ್ರಮ್ಮಿಗೆ ಮುಚ್ಚಳ ಹಾಕಿಸಿ ಬೀಗವನ್ನೂ ಜಡಿದರು. ತಲೆಕೆಳಗಾಗಿ ಸೊರಗಿದ್ದ ಎಲೆಗಳು ನೆಲ ಸಿಕ್ಕಿದ ಮೇಲೆ ಮೆಲ್ಲಗೆ ಎದ್ದು ತುಂಬಿಕೊಂಡವು. ತಲೆಕೆಳಗಾಗಿ ತೂಗಿದರೂ ಬದುಕುತ್ತದೆ, ಹೆಣ್ಣಿನ ಹಾಗೆ ಎಂದು ಕೆಲವರು ಈ ಗಿಡವನ್ನು ಹೊಗಳುವುದುಂಟು. ನನಗೆ ಆ ಹೊಗಳಿಕೆ ಹಿಡಿಸುವುದಿಲ್ಲ. ತೂಗು ಹಾಕಿದರೆ ಸಾಯುವುದಿಲ್ಲ, ನಿಜ. ನೆಲಕ್ಕೆ ಇಳಿಸಿದರೆ ಹೇಗೆ ಬೆಳೆಯುತ್ತದೆ ನೋಡಿ, ಅದನ್ನು ಹೇಳಿ.

ಹುಡುಗಿಯ ತಾಯಿಗೆ ಮಾತ್ರ ಭಯ. "ಮಂದಿ ಕಣ್ಣು ಕುಡದದ್ದ ಅಲ್ರೀ ಅದು? ಎಳೇ ಕೈಗೆ ಹ್ಯಾಂಗ ಹಚ್ಚೂದ್ರೀ?" ಎಂದು ಕೈ ಹಿಸುಕಿಕೊಂಡರು. ಅತ್ತೆ ಎಲೆ ಕೊಯ್ದು, ಹಳದಿ ಇಳಿಸಿ, ಸೀರೆ ಮೊಣಕಾಲ ತನಕ ಎತ್ತಿ ಮೊದಲು ತಮ್ಮ ಮಂಡಿಗೆ ಹಚ್ಚಿಕೊಂಡರು. ಮರುದಿನವೂ, ಅದರ ಮರುದಿನವೂ ಹಾಗೇ. "ನೋಡವ್ವ, ನಂಗೇನೂ ಆಗಿಲ್ಲ. ಆಗೋದಿದ್ರೆ ಮೊದ್ಲು ನಂಗೇ ಆಗ್ಲಿ" ಎಂದರು. ಆಮೇಲೆ ತಾಯಿ ಮಗಳ ಕೈ ಮುಂದೆ ಚಾಚಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಶೆಡ್ಡಿನ ಕೆಲಸ ಶುರುವಾಗುವುದಕ್ಕೆ ಮುಂಚೆ ಅತ್ತೆಯ ಬೆರಳು ಆ ಮುಂಗೈಯ ಮೇಲೆ ಓಡುತ್ತಿತ್ತು.

ಸುಳ್ಳು ಹೇಳಲಾರೆ. ಉರಿ ಹೋಯಿತು, ಚರ್ಮ ಮೃದುವಾಯಿತು, ಕೆಂಪು ಇಳಿಯಿತು. ಕಲೆ ಹೋಗಲಿಲ್ಲ. ಹುಣಸೆ ಎಲೆಯಷ್ಟು ಅಗಲದ, ಉದ್ದನೆಯ, ಮಾಸಿದ ಗೆರೆಯೊಂದು ಉಳಿಯಿತು.

ಗಂಡಿನವರು ಬರುವ ದಿನ ನನ್ನನ್ನೂ ಅತ್ತೆಯನ್ನೂ ಕರೆದಿದ್ದರು. ಚಿಕ್ಕ ರೂಮು. ಬಂದವರನ್ನು ಕೂರಿಸಲು ಅವರ ಮನೆಯಲ್ಲಿದ್ದದ್ದು ಒಂದೇ ಸ್ಟೀಲಿನ ಬೆಂಚು. ಉಳಿದ ತುಂಡುಗಳಿಂದ ಹುಡುಗಿ ಶೆಡ್ಡಿನಲ್ಲಿ ಬಿಡುವಾದಾಗ ಮಾಡಿ ಮನೆಗೆ ಒಯ್ದಿದ್ದ ಬೆಂಚು ಅದು. ಹುಡುಗನ ಅಪ್ಪ, ಅಮ್ಮ, ಸೋದರಮಾವ ಮೂವರೂ ಅದರ ಮೇಲೆ ಕುಳಿತರು. ಮೂವರೂ ಕಟ್ಟುಮಸ್ತಾದ ಆಳುಗಳು. ತಾಯಿ ಮಗಳಿಗೆ ಮುಂಗೈ ಮುಚ್ಚುವ ಉದ್ದ ತೋಳಿನ ಕುಪ್ಪಸ ತೊಡಿಸಿದ್ದರು. ಚಹಾ ಕೊಡಲು ಕೈ ಚಾಚಿದಾಗ ತೋಳು ಹಿಂದೆ ಸರಿಯಿತು.

"ಕೈಗೇನಾಗೇತ್ರಿ?" ಎಂದರು ಹುಡುಗನ ತಾಯಿ.

ಹುಡುಗಿ ಅಪ್ಪನನ್ನು ನೋಡಿದಳು. ನಾನು ಬಾಯಿ ತೆರೆಯುವುದರಲ್ಲಿದ್ದೆ, ಅತ್ತೆ ನನ್ನ ತೊಡೆ ಚಿವುಟಿದರು. ಗೋಡೆಗೆ ಒರಗಿ ಕುಳಿತಿದ್ದ ಅವಳಪ್ಪ ನೆಟ್ಟಗೆ ಕೂತ.

"ವೆಲ್ಡಿಂಗ್ ಮಾಡ್ತಾಳ್ರೀ ನನ್ನ ಮಗಳು. ನೀವು ಕುಂತೀರಲ್ಲ, ಆ ಬೆಂಚು ಆಕೀನ ಮಾಡಿದ್ದು" ಎಂದ.

ಮೂವರೂ ಒಟ್ಟಿಗೆ ಬಗ್ಗಿ ಬೆಂಚಿನ ಕಾಲು ನೋಡಿದರು. ಸೋದರಮಾವ ಬೆರಳಿನಿಂದ ಬೆಸುಗೆ ಸವರಿ, ಸ್ವಲ್ಪ ಅಲ್ಲಾಡಿಸಿಯೂ ನೋಡಿದರು. ಅದು ಅಲ್ಲಾಡಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಕೆಲಸವನ್ನು ಜನ ಬಗ್ಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾನು ಶೆಡ್ಡಿನ ಬೀದಿಗೆ ತಿರುಗಿದಾಗ ಶಟರಿನ ಮುಂದೆ ಏಣಿ ಹಾಕಿತ್ತು. ಅದರ ಮೇಲೆ ಹುಡುಗಿಯ ಅಪ್ಪ. ಕೆಳಗೆ ಹುಡುಗಿ, ಚರ್ಮದ ತೋಳು ಆಗಲೇ ತೊಟ್ಟುಕೊಂಡು ಏಣಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅತ್ತೆ, ಡಬ್ಬದಿಂದ ಕಿತ್ತ ಒಂದು ಮರಿ ಲೋಳೆಸರ ಮತ್ತು ಕರಿ ದಾರ ಹಿಡಿದುಕೊಂಡು.

"ಸಂಬಂಧ ಏನಾಯ್ತು?" ಎಂದು ಕೇಳಿದೆ.

"ಕಲೆ ಇದ್ರೂ ನಡೀತೈತಿ, ಕೆಲಸ ಬಿಡಸ್ರಿ ಅಂದ್ರು" ಎಂದ ಆತ, ಮೇಲಿನಿಂದಲೇ. "ನಾನ ಒಲ್ಲೆ ಅಂದೆ."

ಅತ್ತೆ ಗಿಡವನ್ನು ಮೇಲಕ್ಕೆ ಕೊಟ್ಟರು. ಆತ ಬೇರು ಮೇಲಾಗಿಸಿ, ಸೆಂಟ್ರಿಂಗ್ ಕಟ್ಟುವವರು ಹಾಕುವ ಬಿಗಿ ಗಂಟು ಹಾಕಿದ. ಅತ್ತೆ ಬಿಡುವವರಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದರು, "ಕಬ್ಬಿಣದಂಗಡಿಗೆ ಯಾಕಪ್ಪ ಇದು? ಕಣ್ಣು ಬೀಳೋವಂತದ್ದು ಇಲ್ಲೇನೈತೆ?"

ಆತ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಕೆಳಗೆ ಮಗಳತ್ತ ಗದ್ದ ಚಾಚಿ ತೋರಿಸಿದ.

"ಆಕಿ ಕೈ ಐತಲ್ರೀ ಯವ್ವಾ."